ಒಂದಕ್ಕಿಂತ ಹೆಚ್ಚು ಸಿಕ್ಕರೆ

ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಇಳಿದು
ಹತ್ತನೇ ಪ್ಲಾಟ್‌ಫಾರ್ಮಿನಿಂದ ಐರೋಲಿ.
ಕೂರಲು ಸಿಕ್ಕಿದ್ದು ನಾಲ್ಕನೆಯವಳ ಜಾಗ, ಅಂದರೆ ಅರ್ಧ ಸೀಟು.
ಮೊಣಕಾಲ ಮೇಲೆ ಡಬ್ಬಿಯ ಚೀಲ, ಚೀಲದ ಮೇಲೆ ಫೋನು.
ಮೊದಲ ಕರಡು ಇಲ್ಲೇ, ಕನ್ನಡದಲ್ಲೇ.
ಆಫೀಸಿಗೆ ಹೋಗಿ ಇಂಗ್ಲಿಷಿಗೆ ಇಳಿಸಿದರಾಯಿತು.
ಓದುವವರು ಮನುಷ್ಯರಲ್ಲ;
ಅದಕ್ಕೇ ಇನ್ನಷ್ಟು ಬಿಡಿಸಿ ಹೇಳಬೇಕು.

ಸಲಕರಣೆಯ ಹೆಸರು: ಸಂಪರ್ಕ ಹುಡುಕು.
ಕೊಡಬೇಕಾದ್ದು: ಒಂದು ಹೆಸರು, ಅಥವಾ ಹೆಸರಿನ ಚೂರು.
ಬರುವುದು: ನಂಬರು, ವಿಳಾಸ, ಕೊನೆಗೆ ಮಾತಾಡಿದ ದಿನ.
ಬಳಸು, ನಿನ್ನ ಯಜಮಾನ ಯಾರನ್ನಾದರೂ ಹೆಸರು ಹಿಡಿದು ಕೇಳಿದಾಗ.
ಬಳಸಬೇಡ, ಸುಮ್ಮನೆ ನೋಡೋಣವೆಂದು.

ಮುಂಬ್ರಾದ ಗುಡ್ಡ ದಾಟುವಾಗ
ನನ್ನದೇ ಪಟ್ಟಿ ತೆಗೆದು ನೋಡಿದೆ.
ಗ್ಯಾಸ್ ಮಾವ. ಲಿಫ್ಟ್ ರಿಪೇರಿ ಹೊಸಬ.
ಮೀನು ಶೇವಂತಿ ಭಾನುವಾರ.
ಎತ್ತಬೇಡ. ಎತ್ತಬೇಡ ಎರಡು.
ಸುನಂದಾ ಬಿಲ್ಡಿಂಗ್, ಸುನಂದಾ ಹಲ್ಲು, ಬರೀ ಸುನಂದಾ.
ಈ ಊರಲ್ಲಿ ಯಾರಿಗಿದೆ ಪೂರ್ತಿ ಹೆಸರು?
ಕೆಲಸವೇ ಅಡ್ಡಹೆಸರು, ಸ್ಟೇಷನ್ನೇ ಮನೆತನ.

ಒಂದಕ್ಕಿಂತ ಹೆಚ್ಚು ಸಿಕ್ಕರೆ ಊಹಿಸಬೇಡ.
ಕೇಳು: ಯಾವ ಸುನಂದಾ?
ಕೇಳಿದರೆ ನಿನ್ನ ಮರ್ಯಾದೆ ಹೋಗುವುದಿಲ್ಲ.
ಅಕ್ಕನಿಗೆ ಬರೆದ ಬೈಗುಳ
ಹಲ್ಲಿನ ಡಾಕ್ಟರಿಗೆ ಹೋಗಿಬಿಟ್ಟರೆ
ಹೋಗುತ್ತದೆ, ನನ್ನದು.

ಏನೂ ಸಿಗದಿದ್ದರೆ ಖಾಲಿ ಕೈ ತೋರಿಸು.
ಹತ್ತು ಅಂಕಿ ಜೋಡಿಸಿ ನಂಬರು ಹುಟ್ಟಿಸಬೇಡ.
ಹಾಗೆ ಹುಟ್ಟಿದ್ದೂ ಎಲ್ಲೋ ಭಿವಂಡಿಯಲ್ಲಿ
ಯಾರದೋ ತಲೆದಿಂಬಿನ ಪಕ್ಕ
ನಡುರಾತ್ರಿ ರಿಂಗಾಗುತ್ತದೆ.

ಇಲ್ಲಿಗೆ ಬಂದಾಗ ರುಕ್ಮಯ್ಯ ಬಂಗೇರರು ನೆನಪಾದರು.
ಪರೇಲಿನ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ,
ಕಿವಿಗೆ ಕರಿ ತಟ್ಟೆ, ಕೈಯಲ್ಲಿ ವೈರು.
ನಮ್ಮ ಚಾಳಿನ ಕೊನೇ ಖೋಲಿ ಅವರದು.
ಎಲ್ಲರ ನಂಬರೂ ಬಾಯಲ್ಲೇ, ಬೀಡಿಯ ಜೊತೆ.
ಬರೆದಿಟ್ಟರೆ ಯಾರಾದರೂ ಕದೀತಾರೆ ಅನ್ನುತ್ತಿದ್ದರು.

ಮುಷ್ಕರವಾಗಿ ಮಿಲ್ಲು ಬಾಗಿಲು ಹಾಕಿದ ಮೇಲೂ
ಜನ ಅವರನ್ನೇ ಕೇಳುತ್ತಿದ್ದರು,
ಯಾರು ಎಲ್ಲಿ ಹೋದರು, ಎಲ್ಲಿ ಸಿಗುತ್ತಾರೆ.
ಒಂದು ಸಂಜೆ ಒಬ್ಬ ಬಂದ. ಇಸ್ತ್ರಿಯ ಅಂಗಿ,
ಕೈಯಲ್ಲಿ ಚಿಕ್ಕು ಹಣ್ಣಿನ ಪೊಟ್ಟಣ.
ವಿಂಡಿಂಗ್ ಖಾತೆಯ ಕೃಷ್ಣಾಬಾಯಿ ಎಲ್ಲಿದ್ದಾಳೆ?
ನಾನು ಅವಳ ಗಂಡ.
ಬಂಗೇರರು ಬೀಡಿ ನಂದಿಸಿದರು. ಹಣ್ಣು ನೋಡಿದರು.
ಗೊತ್ತಿಲ್ಲಪ್ಪ, ಅಂದರು.

ಗೋಡೆಯಾಚೆ, ನಮ್ಮ ಖೋಲಿಯಲ್ಲಿ, ಅಮ್ಮನ ಹಿಂದೆ
ಕೃಷ್ಣಾಬಾಯಿ ಅಕ್ಕಿ ಆರಿಸುತ್ತಿದ್ದಳು.
ಕೈ ನಿಂತಿತ್ತು. ಮೊರದಲ್ಲಿ ಒಂದು ಕಲ್ಲು;
ನೋಡಿದಳು, ತೆಗೆಯಲಿಲ್ಲ.
ನನಗೆ ಏಳು ವರ್ಷ. ಸುಳ್ಳು ಹೇಳಬಾರದೆಂದು
ಅದೇ ವಾರ ಶಾಲೆಯಲ್ಲಿ ಹತ್ತು ಸಲ ಬರೆಸಿದ್ದರು.

ಐರೋಲಿ. ಇಳಿಯುವ ನೂಕಿನಲ್ಲೇ
ಒಂದು ಸಾಲು ಸೇರಿಸಿದೆ:
ಸಿಕ್ಕಿದ್ದನ್ನೆಲ್ಲ ಕೊಟ್ಟುಬಿಡಬೇಡ.
ಸಿಗುವವರಿಗೆ ಸಿಗುವ ಮನಸ್ಸಿದೆಯೇ, ಮೊದಲು ವಿಚಾರಿಸು.

ಮಧ್ಯಾಹ್ನ ಪ್ರಾಜಕ್ತಾ ತಾಂಬೆ ಕುರ್ಚಿ ಎಳೆದುಕೊಂಡು ಬಂದಳು.
ನನ್ನ ಅರ್ಧ ವಯಸ್ಸು, ಒಳ್ಳೇ ಹುಡುಗಿ.
ಮನಸ್ಸನ್ನು ಟೆಸ್ಟ್ ಮಾಡೋದು ಹೇಗೆ ತಾಯಿ?
ಇನ್‌ಪುಟ್ ಏನು?
ಚಿಕ್ಕು ಹಣ್ಣು, ಎಂದುಕೊಂಡೆ. ಹೇಳಲಿಲ್ಲ.
ಅನುಮತಿಗೊಂದು ಕಾಲಂ ಇದೆಯಲ್ಲ, ಹೌದು, ಅಲ್ಲ,
ಅಷ್ಟು ಸಾಕು, ಅಂದಳು.
ಸರಿ ಅಂದೆ. ಸಾಲು ಹೋಯಿತು.
ಕಾಲಂ ಖಾಲಿ ಇದ್ದರೆ?
ಪೆನ್ನಿನ ಮುಚ್ಚಳ ಕಚ್ಚುತ್ತ ತುಸು ಹೊತ್ತು ಕೂತಳು.
ಖಾಲಿ ಇದ್ದರೆ ಅಲ್ಲ ಅಂತಲೇ ತಿಳಿ,
ಹಾಗೆ ಬರೆದುಬಿಡಿ.

ಬರೆದೆ. ಇಡೀ ದಾಖಲೆಯಲ್ಲಿ ಅದೇ ಚಿಕ್ಕ ಸಾಲು.

ಕೊನೆಗೆ ಉದಾಹರಣೆಗೆಂದು ಒಂದು ಹೆಸರು ಬೇಕಿತ್ತು.
ಆರು ಗಂಟೆ, ಎಲ್ಲರೂ ಎದ್ದಿದ್ದರು.
ಹಾಕಿದೆ:
ಕೃಷ್ಣಾಬಾಯಿ, ವಿಂಡಿಂಗ್ ಖಾತೆ.
ಉತ್ತರ: ಸಿಕ್ಕಿಲ್ಲ.