ವಹಿಯ ಹಿಂದಿನ ಪುಟಗಳು

ಮುಲುಂಡಿನಲ್ಲಿ ನಮ್ಮದು ಕೊನೆಯ ಗಲ್ಲಿ.
ಗೋಡೆಯಾಚೆ ಕಾಡು, ಈಚೆ ನಲವತ್ತೆಂಟು ಮನೆ.
ಗೇಟಿನ ವಹಿ ತೆರೆದರೆ
ಬಂದವರ ಹೆಸರು, ಗಾಡಿ ನಂಬರು, ಸಹಿ;
ತಿರುವಿ ಹಿಡಿದರೆ, ಹಿಂದಿನಿಂದ,
ಹೇಳದೆ ಬಂದವರು.

ಕಾವಲಿನ ಘಾಡಿಗಾಂವ್ಕರ್ ಬರೆದಿದ್ದ:
‘ಎರಡೂವರೆ. ನೀರಿನ ಟ್ಯಾಂಕಿನ ಮೇಲೆ. ಕಪ್ಪು. ಬಾಲ ಉದ್ದ.
ಟಾರ್ಚಿಗೆ ಅದು ಹೆದರಲಿಲ್ಲ.
ನಾನು ಹೆದರಿದೆ.’

ಕೆಳಗೆ ಹಸುಮತಿಬೆನ್, ಗುಜರಾತಿಯಲ್ಲಿ:
ಬೆಕ್ಕು, ಮತ್ತೇನಲ್ಲ. ಹಾಲಿಟ್ಟಿದ್ದೆ, ಮುಟ್ಟಲಿಲ್ಲ.
ಹಾಲು ಮುಟ್ಟದ್ದು ಎಂಥ ಬೆಕ್ಕು ಎಂದು
ಬಾಣದ ಗುರುತೆಳೆದು ಯಾರೋ.
ಮುಂಗುಸಿ ಎಂದರು ಲೋಬೋ.
‘ಮುಂಗುಸಿ ರಾತ್ರಿ ಮಲಗುತ್ತೆ, ಅಂಕಲ್’
ಇದು ಐದನೇ ಕ್ಲಾಸಿನ ಝೋಯಾ, ಹಸಿರು ಸ್ಕೆಚ್‌ಪೆನ್ನು.
ಚಿರತೆಮರಿ ಎಂದವರು ಮಾತ್ರ ಸಹಿ ಹಾಕಲಿಲ್ಲ.
ಆ ವಾರ ಕಸದ ಬುಟ್ಟಿ ಹಿಡಿದು
ಒಬ್ಬೊಬ್ಬರೇ ಯಾರೂ ಇಳಿಯಲಿಲ್ಲ.

ಪೈಪಿನ ಬುಡದಲ್ಲಿ ಹಿಕ್ಕೆ, ಹಿಕ್ಕೆಯ ತುಂಬ ಬೈನೆ ಬೀಜ.
ಹನ್ನೊಂದು, ಎಣಿಸಿ, ತೊಳೆದು,
ಮೊಸರಿನ ಡಬ್ಬಿಯಲ್ಲಿಟ್ಟಳು ಝೋಯಾ.
ಅವಳಮ್ಮ ಆ ಡಬ್ಬಿಯನ್ನು ಮತ್ತೆ ಮನೆಯೊಳಗೆ ಬಿಡಲಿಲ್ಲ.

ನಾನು ಫೋರ್ಟಿನ ಕ್ಯಾಂಟೀನಿನಲ್ಲಿ ಮೂವತ್ತು ವರ್ಷದ ಅಡಿಗೆಯವ.
ಮೊದಲ ಲೋಕಲ್ಲಿಗೆಂದು ಇಳಿಯುತ್ತಿದ್ದೆ.
ಎರಡನೇ ಮಹಡಿಯ ತಿರುವಿನಲ್ಲಿ
ಅಂಬೆಮೋಹರ ಅಕ್ಕಿ ಕುದಿ ಬಂದ ವಾಸನೆ.
ಈ ಮೂಗು ಅಕ್ಕಿಯಲ್ಲಿ ತಪ್ಪುವುದಿಲ್ಲ.
ಯಾವ ಬಾಗಿಲಡಿಯೂ ಬೆಳಕಿಲ್ಲ.

ಸಂಕೋಚವಾಯಿತು. ಆದರೂ ಬರೆದೆ,
ನನಗೆ ಬರುವುದೊಂದೇ ಲಿಪಿಯಲ್ಲಿ:
‘ನಾಲ್ಕಕ್ಕೆ ಐದು ನಿಮಿಷ. ಬಿಸಿ ಅನ್ನದ ವಾಸನೆ. ಒಲೆ ಇಲ್ಲ.’
ಇಲ್ಲಿ ಅದನ್ನು ಓದಬಲ್ಲವನೂ ನಾನೊಬ್ಬನೇ;
ಸಂಜೆ ಗೇಟಿನಲ್ಲಿ ನಿಂತು
ಹರಕು ಹಿಂದಿಯಲ್ಲಿ ಓದಿ ಹೇಳಿದೆ.

ಘಾಡಿಗಾಂವ್ಕರ್ ಹಣೆ ಬಡಿದುಕೊಂಡ.
‘ಉದ್‌ಮಾಂಜರ್! ಕುಡಾಳದಲ್ಲಿ ನಮ್ಮಜ್ಜಿ ಅನ್ನುತ್ತಿದ್ದಳು,
ಅದು ಮಾಡು ದಾಟಿದರೆ
ಉಂಡವರಿಗೂ ಹಸಿವಾಗುತ್ತದೆ ಎಂದು.’
ಕಪ್ಪು, ಬಾಲ, ಬೀಜ, ಅನ್ನ:
ನಾಲ್ಕು ಕೈಬರಹ ಸೇರಿ
ಒಂದು ಪ್ರಾಣಿ ಎದ್ದು ನಿಂತಿತು.

ನಮ್ಮಲ್ಲಿ ಪುನುಗು ಎನ್ನುತ್ತೇವೆ, ಎಂದೆ.
ಪೂಜೆಯ ಪರಿಮಳದ ಡಬ್ಬಿಯಲ್ಲಿ ಕಂಡ ಶಬ್ದ;
ಅದಕ್ಕೆ ನಾಲ್ಕು ಕಾಲಿರುವುದು,
ಅದು ನನಗಿಂತ ಮೊದಲು ಎದ್ದು
ನನ್ನದೇ ಮೆಟ್ಟಿಲು ಇಳಿಯುವುದು
ಗೊತ್ತಿರಲಿಲ್ಲ.

ಹಸುಮತಿಬೆನ್ ಈಗ ಹಾಲಿನ ಬದಲು ಚಿಕ್ಕು ಇಡುತ್ತಾರೆ.
ಬೆಕ್ಕು ಎಂದೇ ಬರೆಯುತ್ತಾರೆ.

ನಿನ್ನೆ ವಹಿ ತಿರುವಿ ನೋಡಿದೆ.
ಆ ಕಡೆಯಿಂದ ಕೊರಿಯರಿನವರು, ಗ್ಯಾಸಿನವರು,
ಈ ಕಡೆಯಿಂದ ಇವು.
ನಡುವೆ ಇನ್ನು ಹದಿನಾಲ್ಕು ಪುಟ ಖಾಲಿ.