ಮೊಹರಿನ ಜಾಗ

ಲುಬ್ಲಿನ್, ಮೂರನೇ ಮಹಡಿ. ಹೀಟರಿನ ಮೇಲೆ
ನನ್ನ ಒದ್ದೆ ಕೈಗವಸು.
ಕಡತ ಇನ್ನೂರ ಹದಿನಾಲ್ಕು: ಇಖ್ಲಾಸ್ ಆದಮ್,
ಊರು ಜೆನೀನಾ, ಸದ್ಯ ಚಾಡ್‌ನ ಒಂದು ಡೇರೆ.
ಕೇಳಿದ್ದು ಔಷಧಶಾಸ್ತ್ರ.

ಮೂಲ ಅಂಕಪಟ್ಟಿ, ಮುಚ್ಚಿದ ಲಕೋಟೆಯಲ್ಲಿ,
ಶಾಲೆಯ ಮೊಹರಿನೊಂದಿಗೆ ಎನ್ನುತ್ತದೆ ನಿಯಮ ಏಳು.
ಬಂದದ್ದು ಗೆರೆಹಾಳೆ, ಅರಬ್ಬಿ ಕೈಬರಹ,
ಪಿನ್ನು ಚುಚ್ಚಿದ ಅನುವಾದ:

"ಶಾಲೆ ಸುಟ್ಟಿದೆ. ದಾಖಲೆ ಪುಸ್ತಕವೂ.
ನಾನು ಹೆಡ್‌ಮಾಸ್ತರ ಬಾಬಿಕರ್, ನೆನಪಿನಿಂದ ಬರೆದಿದ್ದೇನೆ.
ರಸಾಯನ ತೊಂಬತ್ತೊಂದು. ಜೀವಶಾಸ್ತ್ರ ಎಂಬತ್ತೆಂಟು.
ಗಣಿತ ಐವತ್ತನಾಲ್ಕು. ಆ ವಾರ ಅವಳಿಗೆ ಮಲೇರಿಯಾ,
ಆದರೂ ಐವತ್ತನಾಲ್ಕೇ."

ಸುಳ್ಳು ಬರೆಯುವವನು
ಐವತ್ತನಾಲ್ಕು ಬರೆದಾನೆಯೆ?

ಕೆಳಗೆ ಸಹಿ. ಸಹಿಯ ಪಕ್ಕ,
ಮೊಹರಿನ ಜಾಗದಲ್ಲಿ, ನೀಲಿ ಶಾಯಿಯ ಹೆಬ್ಬೆಟ್ಟು.
ಮೂವತ್ತು ವರ್ಷ ಮಕ್ಕಳ ಕೈ ಹಿಡಿದು
ಅಕ್ಷರ ತಿದ್ದಿಸಿದವನ ಹೆಬ್ಬೆಟ್ಟು.

ಬೊಗುಮಿವಾ ಕಾಫಿಗೆ ಕರೆದಳು.
ಬಂದೆ ಅಂದೆ, ಹೋಗಲಿಲ್ಲ.
ಕಂಪ್ಯೂಟರಿಗೆ ಬೇಕಾದದ್ದು ಎರಡರಲ್ಲಿ ಒಂದು:
ಮೊಹರು ಇದೆ, ಮೊಹರು ಇಲ್ಲ.
ನಡುವೆ ಬರೆಯಲು ಖಾಲಿ ಸಾಲಿಲ್ಲ,
ನಾನು ಹುಡುಕಿ ನೋಡಿದೆ.

ಕಿಟಕಿಯಾಚೆ ಟ್ರಾಲಿಬಸ್ಸಿಗೆ ಯಾರೋ ಓಡುತ್ತಿದ್ದರು.
ಕೈಗವಸು ಒಂದು ಬದಿ ಮಾತ್ರ ಒಣಗಿತ್ತು.

ಗಡುವಿಗೆ ಹನ್ನೊಂದು ನಿಮಿಷ ಇರುವಾಗ
ನಾನೂ ಒಂದು ಬೆರಳು ಒತ್ತಿದೆ:
ಇದೆ.