ಗಾಳಿರಾಟೆ

ನಾನು ವಿಜ್ಞಾನಿಯಲ್ಲ, ವ್ಯಾನಿನ ಡ್ರೈವರು.
ಹನ್ನೊಂದು ವರ್ಷದಿಂದ ಕರೂ ಬಯಲಿನಲ್ಲಿ
ಶಾಲೆಯಿಂದ ಶಾಲೆಗೆ ಆಕಾಶ ಹೊತ್ತು ತಿರುಗುತ್ತೇನೆ:
ಎರಡು ಸ್ಪೀಕರು, ಒಂದು ಪರದೆ.
ಗಾಳಿ ತುಂಬಿದರೆ ಏಳುವ ಗುಮ್ಮಟವೊಂದಿತ್ತು,
ಹೋದ ವರ್ಷ ಇಲಿ ಕಡಿಯಿತು.

ಇಲ್ಲಿ ಮೊಬೈಲು ಮಾತಾಡುವುದಿಲ್ಲ. ಕಾನೂನು.
ಗುಡ್ಡದಾಚೆ ಸಾಲುಸಾಲು ಬಿಳಿ ಬೋಗುಣಿಗಳು
ಬಾನಿಗೆ ಬಾಯ್ತೆರೆದು ನಿಂತಿವೆ;
ಅವಕ್ಕೆ ಪಿಸುಮಾತು ಕೇಳಬೇಕು,
ಹಾಗಾಗಿ ಊರೇ ತುಟಿಗೆ ಬೆರಳಿಟ್ಟು ಕೂತಿದೆ.
ನನ್ನ ವ್ಯಾನೂ ಡೀಸೆಲ್ಲಿನದು. ಪೆಟ್ರೋಲಿನ ಕಿಡಿ
ಅವುಗಳ ಕಿವಿಗೆ ಮದುವೆಮನೆಯ ಗದ್ದಲವಂತೆ.

ಹುಡುಗರಿಗೆ ಸಿಟ್ಟು. ಬರಬೇಕಾದ್ದೇ.
ಹದಿನೈದರ ಪ್ರಾಯಕ್ಕೆ ಸಿಗ್ನಲ್ಲಿಲ್ಲದ ಊರು
ಕಿಟಕಿಯಿಲ್ಲದ ಕೋಣೆ.

ಅವತ್ತು ಕ್ಲಿಪ್‌ವ್ಲೈ ಶಾಲೆ.
ಬೆಂಚು, ಸ್ವೆಟರು, ಪುಸ್ತಕ, ಎಲ್ಲಕ್ಕೂ ಕುರಿಯುಣ್ಣೆಯ ವಾಸನೆ.
ಡಾಕ್ಟರ್ ಬುಸಿಸ್ವಾ ಎಂದಿನಂತೆ ಶುರುಮಾಡಿದರು:
"ಮಕ್ಕಳೇ, ಸತ್ತ ನಕ್ಷತ್ರವೊಂದರ ಎದೆಬಡಿತ ಕೇಳಿ."
ನಾನು ಗುಂಡಿ ಒತ್ತಿದೆ.

ಟಕ್. ಟಕ್. ಟಕ್.

ಇನ್ನೂರು ಸಲ ಕೇಳಿದ್ದೇನೆ. ಆಕಳಿಕೆ ಬಂತು.
ಹಿಂದಿನ ಸಾಲಿನವರು ಬೆಂಚು ಕುಟ್ಟಿ ತಾಳ ಹಾಕಿದರು.

ಆಗ ಎದ್ದಳು ಲೆವೋನಾ ಫೆಬ್ರುವಾರಿ.
(ಅವಳ ಮುತ್ತಾತನ ಮುತ್ತಾತನನ್ನು ಹಡಗಿನಿಂದಿಳಿಸಿ
ಮಾರಿದ ತಿಂಗಳು ಅದು. ಕೊಂಡವನಿಗೆ
ಹೆಸರು ಕೇಳುವ ವ್ಯವಧಾನವಿರಲಿಲ್ಲ.)
"ಎದೆಬಡಿತ ಅಲ್ಲ ಮಿಸ್. ಅದು ತಿರುಗ್ತಾ ಇದೆ."

ಸೀಮೆಸುಣ್ಣ ಹಲಗೆಯ ಮೇಲೆ ಅರ್ಧಕ್ಕೆ ನಿಂತಿತು.
"ಯಾರು ಹೇಳಿದರು ನಿನಗೆ?"

"ಯಾರೂ ಇಲ್ಲ. ನಮ್ಮ ಗಾಳಿರಾಟೆಯ ಒಂದು ರೆಕ್ಕೆ ಸೊಟ್ಟಗಿದೆ,
ಸುತ್ತಿಗೊಂದು ಸಲ ಕಂಬಕ್ಕೆ ತಾಗಿ ಟಕ್ ಅನ್ನತ್ತೆ.
ರಾತ್ರಿ ಮಲಗಿ ಎಣಿಸ್ತೀನಿ,
ಎಷ್ಟು ಸುತ್ತಿಗೆ ಕುರಿತೊಟ್ಟಿ ತುಂಬತ್ತೆ ಅಂತ.
ಎದೆ ಹೀಗೆ ಬಡಿಯಲ್ಲ ಮಿಸ್. ಎದೆ ಹೆದರತ್ತೆ, ಓಡತ್ತೆ.
ಉಣ್ಣೆ ಕತ್ತರಿಸೋ ದಿನ ಅಪ್ಪನದು ಒಂಥರ,
ಸಂಬಳದ ಸಂಜೆ ಇನ್ನೊಂಥರ.
ಇದಕ್ಕೆ ಹೆದರಿಕೆಯೇ ಇಲ್ಲ. ಭಾರೀ ತೂಕದ್ದು ಯಾವುದೋ
ಸುಮ್ಮನೆ ಸುತ್ತುತಿದೆ. ಅದರಲ್ಲೂ ಏನೋ ಸೊಟ್ಟಗಿದೆ."

ಯಾರೂ ಬೆಂಚು ಕುಟ್ಟಲಿಲ್ಲ.
ಬುಸಿಸ್ವಾ ಮೇಜಿನ ಅಂಚಿಗೆ ಕೂತರು, ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.
"ಸೊಟ್ಟಗಿದೆ. ಅದರ ಅಯಸ್ಕಾಂತದ ಅಚ್ಚು ವಾಲಿದೆ.
ಒಂದು ಊರಿನಷ್ಟೇ ಅಗಲ, ಸೂರ್ಯನಿಗಿಂತ ಹೆಚ್ಚು ತೂಕ.
ಸುತ್ತುವಾಗ ಅದರ ಕಿರಣ ನಮ್ಮನ್ನು ಸವರಿದಾಗೆಲ್ಲ, ಟಕ್."

"ನಮ್ಮದಕ್ಕೆ ಗ್ರೀಸು ಆರಿದರೆ ನಿಧಾನ ಆಗತ್ತೆ. ಇದು?"
"ಇದೂ. ಎಷ್ಟು ನಿಧಾನ ಅಂತ ಅಳೆಯೋದೇ ನನ್ನ ಕೆಲಸ.
ಆದರೆ ಕೆಲವು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಜೋರಾಗಿಬಿಡ್ತವೆ."
"ಯಾಕೆ?"
"ಪೂರ್ತಿ ಗೊತ್ತಿಲ್ಲ."
"ನಿಮಗಾ?"
"ಯಾರಿಗೂ."

ಹುಡುಗಿ ಕೂತಳು. ಮತ್ತೇನೂ ಕೇಳಲಿಲ್ಲ.
ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಬರೆದುಕೊಂಡು
ಮುಷ್ಟಿ ಮುಚ್ಚಿದಳು, ಚಿಲ್ಲರೆ ಕಾಸು ಬಚ್ಚಿಟ್ಟ ಹಾಗೆ.
ಗಂಟೆ ಹೊಡೆದು ಮಿಕ್ಕವರು ಓಡಿದರು ಫುಟ್‌ಬಾಲಿಗೆ.

ವಾಪಸು ದಾರಿಯಲ್ಲಿ ಬುಸಿಸ್ವಾ ತೊಡೆಯ ಮೇಲೆ
ನಾಳಿನ ಪಾಠ ಬಿಡಿಸಿಕೊಂಡು
'ಎದೆಬಡಿತ' ಎಂದಿದ್ದ ಕಡೆಯೆಲ್ಲ ಗೀಟು ಎಳೆಯುತ್ತಿದ್ದರು.
ಅದರ ಜಾಗಕ್ಕೆ ಏನು ಬರೆದರೋ, ನಾನು ರಸ್ತೆ ನೋಡುತ್ತಿದ್ದೆ.

ಕತ್ತಲಾಗುವ ಹೊತ್ತಿಗೆ ಬೇಲಿಯಾಚೆ
ಒಂದು ಗಾಳಿರಾಟೆ ಕಂಡು ಇಂಜಿನ್ ಆರಿಸಿದೆ.
"ಕೆಟ್ಟಿತಾ?" ಎಂದರು.
ಇಲ್ಲ ಎಂದೆ, ಒಂದು ನಿಮಿಷ.

ನಲವತ್ತರವರೆಗೆ ಎಣಿಸಿದೆ, ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ.